ರೋಗದಲ್ಲಿ ವಂಶದ ಪಾಲೆಷ್ಟು?

‘ನೂಲಿನಂತೆ ಸೀರೆ, ತಾಯಿಯಂತೆ ಮಗಳು’ ಎಂಬ ಗಾದೆಯನ್ನು ಕೇಳಿ ಬೆಳೆದವರು ನಾವು. ಮೂಗಿನ ಮಾಟ, ಕಣ್ಣಿನ ಬಣ್ಣ, ನಡಿಗೆಯ ಧಾಟಿ ಇವೆಲ್ಲ ತಲೆಮಾರಿನಿಂದ ತಲೆಮಾರಿಗೆ ಇಳಿದುಬರುವುದನ್ನು ಕಣ್ಣಾರೆ ಕಂಡ ಹಿರಿಯರು ರೋಗರುಜಿನಗಳೂ ಹಾಗೆಯೇ ಇಳಿದುಬರುತ್ತವೆಂದು ನಂಬಿದುದರಲ್ಲಿ ಆಶ್ಚರ್ಯವಿಲ್ಲ. ವಂಶದಲ್ಲಿ ಬಂದುದನ್ನು ತಪ್ಪಿಸಲಾಗದು ಎಂಬ ಮಾತು ನಮ್ಮಲ್ಲಿ ಹಣೆಬರಹದ ಮಾತಿನಷ್ಟೇ ಬಲವಾದುದು. ಈ ನಂಬಿಕೆಯಲ್ಲಿ ನಿಜವೆಷ್ಟು, ಭಯವೆಷ್ಟು ಎಂಬುದನ್ನು ಒಂದೇ ಒಂದು ರೋಗದ ಚರಿತ್ರೆಯನ್ನು ಹಿಡಿದು ನೋಡುವುದು ಈ ಭಾಷಣದ ಉದ್ದೇಶ. ಆ ರೋಗದ ಹೆಸರು ಮಲ್ಟಿಪಲ್ ಸ್ಕ್ಲೆರೋಸಿಸ್. ನಮ್ಮ ಊರುಗಳಲ್ಲಿ ಇದು ಮನೆಮಾತಾದ ಹೆಸರಲ್ಲ. ಆದರೆ ವಂಶ ಮತ್ತು ಪರಿಸರ ಎಂಬ ಎರಡು ಪಕ್ಷಗಳ ವಾದವನ್ನು ಇಷ್ಟು ದೀರ್ಘಕಾಲ, ಇಷ್ಟು ಎಚ್ಚರದಿಂದ ವಿಚಾರಣೆಗೆ ಒಡ್ಡಿದ ರೋಗ ಬೇರೆ ಹೆಚ್ಚಿಲ್ಲ.

ಮೊದಲು ರೋಗದ ಸ್ವರೂಪವನ್ನು ಎರಡು ಮಾತಿನಲ್ಲಿ ಹೇಳಬೇಕು. ವಿದ್ಯುತ್ ತಂತಿಗೆ ರಬ್ಬರಿನ ಹೊದಿಕೆ ಇರುವಂತೆ ನಮ್ಮ ಮಿದುಳು ಮತ್ತು ಮಿದುಳುಬಳ್ಳಿಯ ನರತಂತುಗಳಿಗೆ ಮಯೆಲಿನ್ ಎಂಬ ಕೊಬ್ಬಿನ ಹೊದಿಕೆಯುಂಟು. ಹೊರಗಿನ ಶತ್ರುವನ್ನು ಎದುರಿಸಬೇಕಾದ ದೇಹದ ರಕ್ಷಣಾಪಡೆಯೇ ದಿಕ್ಕುತಪ್ಪಿ ಈ ಹೊದಿಕೆಯ ಮೇಲೆ ಬೀಳುತ್ತದೆ. ಹೊದಿಕೆ ಹರಿದ ಕಡೆ ಸಂದೇಶ ನಿಧಾನವಾಗುತ್ತದೆ ಅಥವಾ ನಿಂತೇ ಹೋಗುತ್ತದೆ. ಒಂದು ದಿನ ಒಂದು ಕಣ್ಣು ಮಂಜಾಗುತ್ತದೆ. ಮತ್ತೊಮ್ಮೆ ಕಾಲು ಜೋಮು ಹಿಡಿಯುತ್ತದೆ. ಕೈ ನಡುಗುತ್ತದೆ, ಮಾತು ತೊದಲುತ್ತದೆ. ಬಹುಮಂದಿಯಲ್ಲಿ ಇದು ಬಂದು ಹೋಗುತ್ತದೆ, ಮತ್ತೆ ಬರುತ್ತದೆ. ಸಾಮಾನ್ಯವಾಗಿ 20ರಿಂದ 40ರ ವಯಸ್ಸಿನಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. 2020ರ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 28 ಲಕ್ಷ ಜನ ಈ ರೋಗದೊಡನೆ ಬಾಳುತ್ತಿದ್ದರು. ಉತ್ತರ ಯೂರೋಪ್ ಮತ್ತು ಕೆನಡಗಳಲ್ಲಿ ಇದು ಹೆಚ್ಚು. ಸಮಭಾಜಕ ವೃತ್ತದ ಕಡೆಗೆ ಬಂದಂತೆ ಕಡಿಮೆ.

ಈ ರೋಗಕ್ಕೆ ಹೆಸರು ಬರುವ ಮೊದಲೇ ಅದರ ಚಿತ್ರ ಬಂದಿತ್ತು. ಸ್ಕಾಟ್ಲೆಂಡಿನ ರಾಬರ್ಟ್ ಕಾರ್ಸ್‌ವೆಲ್ ಎಂಬ ವೈದ್ಯ 1838ರಲ್ಲಿ ಪ್ರಕಟಿಸಿದ ರೋಗಚಿತ್ರಸಂಪುಟದಲ್ಲಿ ಮಿದುಳುಬಳ್ಳಿಯ ಮೇಲಿನ ಕಂದು ಮಚ್ಚೆಗಳನ್ನು ಬಣ್ಣದಲ್ಲಿ ಬರೆದಿಟ್ಟಿದ್ದ. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಪ್ಯಾರಿಸ್ಸಿನ ಕ್ರೂವೇಲ್ಯೇ ಕೂಡ ಅಂಥವೇ ಮಚ್ಚೆಗಳನ್ನು ಚಿತ್ರಿಸಿದ. ಇನ್ನೊಂದು ಕಡೆ ಇಂಗ್ಲೆಂಡಿನ ಮೂರನೆಯ ಜಾರ್ಜ್ ದೊರೆಯ ಮೊಮ್ಮಗನಾದ ಅಗಸ್ಟಸ್ ಡಿ’ಎಸ್ಟೆ ತನ್ನ ದಿನಚರಿಯಲ್ಲಿ ತನ್ನದೇ ರೋಗವನ್ನು ದಾಖಲಿಸುತ್ತ ಹೋಗಿದ್ದ. 1822ರ ಡಿಸೆಂಬರಿನಲ್ಲಿ ಸ್ಕಾಟ್ಲೆಂಡಿನ ಗುಡ್ಡಗಾಡಿನಲ್ಲಿ ಬಂಧುವೊಬ್ಬನ ಶವಸಂಸ್ಕಾರ ಮುಗಿದ ಮೇಲೆ ಅವನಿಗೆ ಬಂದ ಕಾಗದಗಳನ್ನು ಓದುವುದಕ್ಕೂ ಕಣ್ಣು ಸಹಕರಿಸಲಿಲ್ಲ. ದೃಷ್ಟಿ ತಾನಾಗಿಯೇ ಮರಳಿತು. ಕೆಲವು ವರ್ಷಗಳ ಬಳಿಕ ಕಾಲುಗಳು ಸೋತವು. 1848ರಲ್ಲಿ ತೀರಿಕೊಳ್ಳುವವರೆಗೂ ತನ್ನ ರೋಗದ ಹೆಸರು ಅವನಿಗೆ ತಿಳಿಯಲಿಲ್ಲ. ಚಿತ್ರಕಾರನ ಬಳಿ ಮಚ್ಚೆಗಳಿದ್ದವು, ರೋಗಿಯ ಬಳಿ ನೋವಿನ ಕಥೆಯಿತ್ತು. ಎರಡನ್ನೂ ಜೋಡಿಸುವವನು ಬೇಕಾಗಿತ್ತು.

ಜೋಡಿಸಿದವನು ಪ್ಯಾರಿಸ್ಸಿನ ಝಾನ್ ಮಾರ್ಟಿನ್ ಷಾರ್ಕೋ. ಹಿಂದೆ ಸಿಡಿಮದ್ದಿನ ಕಾರ್ಖಾನೆಯಾಗಿದ್ದ ಜಾಗದಲ್ಲಿ ಎದ್ದುನಿಂತ ಸಾಲ್‌ಪೆಟ್ರಿಯೇರ್ ಎಂಬ ಮಹಾ ಆಸ್ಪತ್ರೆಯಲ್ಲಿ ಸಾವಿರಾರು ಬಡ ಹೆಂಗಸರು ಆಶ್ರಯ ಪಡೆದಿದ್ದರು. ಬದುಕಿದ್ದಾಗ ಅವರ ಲಕ್ಷಣಗಳನ್ನು ಬರೆದಿಟ್ಟು, ತೀರಿಕೊಂಡ ಬಳಿಕ ನರಗಳನ್ನು ಪರೀಕ್ಷಿಸಿ, ಎರಡನ್ನೂ ಹೋಲಿಸುವುದು ಷಾರ್ಕೋನ ಕ್ರಮ. 1868ರಲ್ಲಿ ಅವನು ಈ ರೋಗವನ್ನು ಉಳಿದವುಗಳಿಂದ ಬೇರ್ಪಡಿಸಿ ವಿವರಿಸಿದ. ಅವನ ಬಳಿ ಕಲಿತಿದ್ದ ಸಿಗ್ಮಂಡ್ ಫ್ರಾಯ್ಡ್, 1893ರಲ್ಲಿ ಷಾರ್ಕೋ ಸತ್ತಾಗ ಬರೆದ ಲೇಖನದಲ್ಲಿ ಒಂದು ಸಂಗತಿಯನ್ನು ಹೇಳಿದ್ದಾನೆ. ವಿಚಿತ್ರವಾದ ನಡುಕದಿಂದಾಗಿ ಎಲ್ಲಿಯೂ ಕೆಲಸ ಸಿಗದ ಒಬ್ಬ ಹೆಂಗಸನ್ನು ಷಾರ್ಕೋ ಮನೆಗೆಲಸಕ್ಕೆ ಇಟ್ಟುಕೊಂಡನಂತೆ. ಅವಳು ಒಡೆದ ಪಿಂಗಾಣಿಯ ತಟ್ಟೆಗಳಿಗೆ ವರ್ಷಗಳುದ್ದಕ್ಕೂ ಸಣ್ಣ ಆಸ್ತಿಯೇ ಖರ್ಚಾಯಿತು. ಕೊನೆಗೆ ಅವಳು ತೀರಿಕೊಂಡಾಗ, ಆ ನಡುಕ ಈ ರೋಗದ್ದೇ ಎಂದು ಅವನಿಗೆ ತೋರಿಸಿಕೊಡಲು ಸಾಧ್ಯವಾಯಿತು. ವಿಜ್ಞಾನದ ಚರಿತ್ರೆಯಲ್ಲಿ ಷಾರ್ಕೋನ ಹೆಸರು ದೊಡ್ಡದಾಗಿ ಉಳಿಯಿತು. ಆ ಹೆಂಗಸಿನ ಕೈಯಿಂದ ಜಾರಿ ಬಿದ್ದ ತಟ್ಟೆಗಳ ಸದ್ದೂ ಅದೇ ಚರಿತ್ರೆಯ ಭಾಗವೆಂದೇ ನಾನು ತಿಳಿಯುತ್ತೇನೆ.

ರೋಗವೇನೋ ಗುರುತಾಯಿತು. ಕಾರಣ? ಷಾರ್ಕೋ ಶೀತ, ದೀರ್ಘ ದುಃಖ, ಮನಸ್ಸಿನ ಕ್ಲೇಶ ಮುಂತಾದುವನ್ನು ಹೆಸರಿಸಿದ. ಆದರೆ ಅವನ ಶಿಷ್ಯ ಪಿಯೇರ್ ಮಾರಿಗೆ ಇದು ಒಪ್ಪಿಗೆಯಾಗಲಿಲ್ಲ. ಪಾಶ್ಚರ್ ಮತ್ತು ಕಾಖ್‌ರ ಕಾಲವದು. ಎಲ್ಲೆಲ್ಲೂ ರೋಗಾಣುಗಳ ಬೇಟೆ ನಡೆದಿತ್ತು. 1884ರಲ್ಲಿ ಮಾರಿ, ಈ ರೋಗ ಸೋಂಕಿನ ಫಲವೆಂದೂ ಅದನ್ನು ತಡೆಯುವ ಲಸಿಕೆ ಮುಂದೆ ಬರುವುದೆಂದೂ ವಾದಿಸಿದ. ಹನ್ನೆರಡು ವರ್ಷಗಳ ತರುವಾಯ, 1896ರಲ್ಲಿ, ಹೆರ್ಮಾನ್ ಐಖ್‌ಹೋರ್ಸ್ಟ್ ಎಂಬ ವೈದ್ಯ ಒಬ್ಬ ತಾಯಿ ಮತ್ತು ಅವಳ ಮಗ ಇಬ್ಬರಲ್ಲಿಯೂ ಈ ರೋಗವಿದ್ದುದನ್ನು ವರದಿಮಾಡಿ, ಇದು ವಂಶದಲ್ಲಿ ಹರಿಯುವ ರೋಗವೆಂದ. ಹೀಗೆ ಹತ್ತೊಂಬತ್ತನೆಯ ಶತಮಾನ ಮುಗಿಯುವ ಮೊದಲೇ ಎರಡು ಪಕ್ಷಗಳೂ ಕಣಕ್ಕಿಳಿದಿದ್ದವು. ಒಂದು ಪಕ್ಷ ಹೊರಗಿನಿಂದ ಬಂದ ಶತ್ರುವನ್ನು ಹುಡುಕುತ್ತಿತ್ತು. ಇನ್ನೊಂದು ರಕ್ತದೊಳಗೇ ಬರೆದಿಟ್ಟ ಶಾಸನವನ್ನು.

ಎರಡನೆಯ ಪಕ್ಷದ ವಾದಕ್ಕೆ ಕೆಲಕಾಲ ಕೆಟ್ಟ ಸಹವಾಸವೂ ಒದಗಿತು. ಅಮೆರಿಕದ ಚಾರ್ಲ್ಸ್ ಡೇವನ್‌ಪೋರ್ಟ್ 1922ರಲ್ಲಿ, ಮೊದಲ ಮಹಾಯುದ್ಧದ ಸೈನ್ಯಭರ್ತಿಯ ದಾಖಲೆಗಳನ್ನು ಬಳಸಿಕೊಂಡು, ಈ ರೋಗ ಮಹಾಸರೋವರಗಳ ಸುತ್ತಲಿನ ಪ್ರಾಂತಗಳಲ್ಲಿ, ಸ್ಕ್ಯಾಂಡಿನೇವಿಯ ಮತ್ತು ಫಿನ್ಲೆಂಡಿನ ಮೂಲದವರು ಹೆಚ್ಚಾಗಿ ನೆಲೆಸಿದ ಕಡೆ ಹೆಚ್ಚೆಂದು ತೋರಿಸಿದ. ಗಮನಿಸಿದ ಸಂಗತಿಯಲ್ಲಿ ತಿರುಳಿತ್ತು. ಆದರೆ ಇದೇ ಡೇವನ್‌ಪೋರ್ಟ್ 1910ರಲ್ಲಿ ಸುಸಂತಾನವಾದದ ದಾಖಲೆಕಚೇರಿಯೊಂದನ್ನು ಕಟ್ಟಿ, ಮನುಷ್ಯರನ್ನು ಒಳ್ಳೆಯ ತಳಿ ಕೆಟ್ಟ ತಳಿ ಎಂದು ವಿಂಗಡಿಸಲು ಹೊರಟವನು. ಆ ವಾದದ ಬೆಳೆಯೇನಾಯಿತೆಂಬುದು ಲೋಕಕ್ಕೆ ತಿಳಿದಿದೆ. 1927ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಬಲವಂತದ ಸಂತಾನಹರಣ ಚಿಕಿತ್ಸೆಯ ಕಾನೂನನ್ನು ಎತ್ತಿಹಿಡಿಯಿತು. 1933ರಲ್ಲಿ ಜರ್ಮನಿಯ ನಾಜಿ ಸರ್ಕಾರ ಅಂಥದೇ ಕಾನೂನನ್ನು ಮಾಡಿ ಲಕ್ಷಾಂತರ ಜನರ ಮೇಲೆ ಹೇರಿತು. ವಂಶವನ್ನು ವಿಧಿಯೆಂದು ಭಾವಿಸುವುದು ಬರಿಯ ಬೌದ್ಧಿಕ ದೋಷವಲ್ಲ, ಅಧಿಕಾರ ಕೈಗೆ ಬಂದಾಗ ಅದು ಕತ್ತಿಯಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ಎರಡನೆಯ ಮಹಾಯುದ್ಧದ ನಂತರದ ಸಂಶೋಧಕರು ವಂಶದ ಮಾತನ್ನು ಹೆಚ್ಚು ಸಂಕೋಚದಿಂದ, ಆದ್ದರಿಂದಲೇ ಹೆಚ್ಚು ಎಚ್ಚರದಿಂದ, ಆಡತೊಡಗಿದರೆಂದು ನನಗನ್ನಿಸುತ್ತದೆ.

ಆ ಎಚ್ಚರದ ಫಲವಾಗಿ ಮೊದಲು ಮೇಲುಗೈಯಾದುದು ಪರಿಸರದ ಪಕ್ಷವೇ. ಜೆಫ್ರಿ ಡೀನ್ ಎಂಬ ವೈದ್ಯ 1967ರಲ್ಲಿ ದಕ್ಷಿಣ ಆಫ್ರಿಕದ ಬಿಳಿಯರ ಲೆಕ್ಕವನ್ನು ಪ್ರಕಟಿಸಿದ. ಯೂರೋಪಿನಿಂದ ವಲಸೆ ಬಂದವರಲ್ಲಿ ರೋಗ ಹೆಚ್ಚು. ಅದೇ ಯೂರೋಪಿಯನ್ ಮೂಲದವರಾಗಿ ಆಫ್ರಿಕದ ನೆಲದಲ್ಲಿ ಹುಟ್ಟಿದವರಲ್ಲಿ ಬಹಳ ಕಡಿಮೆ. ರಕ್ತ ಒಂದೇ, ನೆಲ ಬೇರೆ, ಫಲವೂ ಬೇರೆ. ಅಷ್ಟೇ ಅಲ್ಲ, ಎಳೆಯ ವಯಸ್ಸಿನಲ್ಲಿ, ಸುಮಾರು ಹದಿನೈದರೊಳಗೆ ಬಂದವರು ಹೊಸ ನೆಲದ ರಕ್ಷಣೆಯನ್ನು ಪಡೆದರು. ಬೆಳೆದ ಮೇಲೆ ಬಂದವರು ಹಳೆಯ ನೆಲದ ಅಪಾಯವನ್ನು ಹೊತ್ತೇ ತಂದರು. ಇದರ ವ್ಯತಿರೇಕವನ್ನು ಡೀನ್ ಮತ್ತು ಅವನ ಸಂಗಡಿಗರು 1990ರಲ್ಲಿ ಬ್ರಿಟನ್ನಿನಲ್ಲಿ ಕಂಡರು. ಭಾರತ ಉಪಖಂಡದಿಂದಲೂ ವೆಸ್ಟ್ ಇಂಡೀಸಿನಿಂದಲೂ ಹೋಗಿ ನೆಲೆಸಿದ ತಂದೆತಾಯಿಗಳಲ್ಲಿ ರೋಗ ವಿರಳ. ಅಲ್ಲಿಯೇ ಹುಟ್ಟಿದ ಅವರ ಮಕ್ಕಳಲ್ಲಿ ಅದು ಬಿಳಿಯರ ಮಟ್ಟದ ಸಮೀಪಕ್ಕೆ ಏರಿತ್ತು. ಒಂದೇ ತಲೆಮಾರಿನಲ್ಲಿ ವಂಶವಾಹಿಗಳು ಬದಲಾಗುವುದಿಲ್ಲ. ಬದಲಾದದ್ದು ಬಿಸಿಲು, ಗಾಳಿ, ಬಾಲ್ಯದ ಸೋಂಕುಗಳು, ಬಾಳುವೆಯ ರೀತಿ.

ಇಷ್ಟಕ್ಕೇ ತೀರ್ಪು ಬರೆಯಬಹುದಾಗಿದ್ದರೆ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ನಮ್ಮ ಮುಂಬಯಿಯಿಂದಲೇ ಎದುರುಸಾಕ್ಷಿ ಬಂತು. ಸಾವಿರ ವರ್ಷಗಳಿಗೂ ಹಿಂದೆ ಇರಾನಿನಿಂದ ಗುಜರಾತಿನ ತೀರಕ್ಕೆ ಬಂದ ಪಾರಸಿಗಳು ತಮ್ಮೊಳಗೇ ಮದುವೆಯಾಗುತ್ತ ಬಂದ ಸಣ್ಣ ಸಮುದಾಯ. ಡಾ. ನೊಶೀರ್ ವಾಡಿಯಾ, ಭರೂಚಾ ಮೊದಲಾದ ನರರೋಗತಜ್ಞರು 1980ರ ದಶಕದಲ್ಲಿ ಆ ಸಮುದಾಯವನ್ನು ಸಮೀಕ್ಷಿಸಿದಾಗ, ಅದೇ ನಗರದ ಇತರ ಭಾರತೀಯರಿಗಿಂತ ಪಾರಸಿಗಳಲ್ಲಿ ಈ ರೋಗ ಎದ್ದುಕಾಣುವಷ್ಟು ಹೆಚ್ಚೆಂದು ತಿಳಿಯಿತು. ಒಂದೇ ಕಡಲಗಾಳಿ, ಒಂದೇ ಬಿಸಿಲು. ಆದರೂ ಫಲ ಬೇರೆ. ದಕ್ಷಿಣ ಆಫ್ರಿಕದಲ್ಲಿ ನೆಲ ಮಾತಾಡಿದ್ದರೆ ಮುಂಬಯಿಯಲ್ಲಿ ವಂಶ ಮಾತಾಡಿತ್ತು. ಎರಡು ಸಾಕ್ಷ್ಯಗಳಲ್ಲಿ ಯಾವುದನ್ನೂ ತಳ್ಳಿಹಾಕುವಂತಿರಲಿಲ್ಲ. ಪ್ರಶ್ನೆಯನ್ನೇ ಬೇರೆ ರೀತಿಯಲ್ಲಿ ಕೇಳಬೇಕಾಗಿತ್ತು. ವಂಶವೋ ಪರಿಸರವೋ ಎಂದಲ್ಲ. ವಂಶದಲ್ಲಿ ಇಳಿದುಬರುವುದು ನಿಖರವಾಗಿ ಏನು ಎಂದು.

ಆ ಪ್ರಶ್ನೆಗೆ ಮೊದಲ ಸುಳಿವು ಸಿಕ್ಕಿದ್ದು 1972ರಲ್ಲಿ, ಅನಿರೀಕ್ಷಿತವಾದ ಕಡೆಯಿಂದ. ಒಬ್ಬರ ಅಂಗವನ್ನು ಇನ್ನೊಬ್ಬರಿಗೆ ಕಸಿಮಾಡಿದಾಗ ದೇಹ ಅದನ್ನು ಪರಕೀಯವೆಂದು ಗುರುತಿಸಿ ತಿರಸ್ಕರಿಸುವುದೇಕೆ ಎಂಬ ವಿಚಾರದಿಂದ ಹುಟ್ಟಿದ ಶಾಸ್ತ್ರ ಎಚ್.ಎಲ್.ಎ. ಗುರುತುಗಳದು. ಜೀವಕೋಶದ ಮೇಲಿನ ಈ ಗುರುತುಗಳು ಮನೆಯ ಮುದ್ರೆಯುಂಗುರದಂತೆ. ತನ್ನವರಾರು, ಹೊರಗಿನವರಾರು ಎಂಬುದನ್ನು ರಕ್ಷಣಾಪಡೆಗೆ ತಿಳಿಸಿಕೊಡುತ್ತವೆ. ಇವುಗಳ ಮೇಲೆ ಮೊದಲು ಬೆಳಕು ಚೆಲ್ಲಿದ ಫ್ರಾನ್ಸಿನ ಝಾನ್ ಡೌಸ್ಸೆ 1980ರ ನೊಬೆಲ್ ಬಹುಮಾನದಲ್ಲಿ ಪಾಲುಪಡೆದ. ಕೋಪನ್‌ಹೇಗನ್ನಿನ ಯೆರ್ಸಿಲ್ಡ್, ಸ್ವೆಯ್‌ಗಾರ್ಡ್ ಮತ್ತು ಫೋಗ್ ಎಂಬ ಮೂವರು, ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗಿಗಳಲ್ಲಿ ಇಂಥ ಕೆಲವು ಗುರುತುಗಳು ಆರೋಗ್ಯವಂತರಲ್ಲಿರುವುದಕ್ಕಿಂತ ಹೆಚ್ಚಾಗಿ ಇವೆಯೆಂದು ಕಂಡರು. ಸಂಶೋಧನೆ ಸೂಕ್ಷ್ಮವಾದಂತೆ ಅದು ಆರನೆಯ ವರ್ಣತಂತುವಿನ ಮೇಲೆ ಇರುವ, ಇಂದು ಡಿ.ಆರ್.ಬಿ.1 – 1501 ಎಂದು ಕರೆಯುವ ಒಂದು ರೂಪದ ಬಳಿಗೆ ಬಂದು ನಿಂತಿತು. ಅದಿದ್ದವರಿಗೆ ರೋಗ ಬರುವ ಸಂಭವ ಸುಮಾರು ಮೂರು ಪಟ್ಟು.

ಮೂರು ಪಟ್ಟು ಎಂಬ ಮಾತು ಕಿವಿಗೆ ಭಯಂಕರವಾಗಿ ಕೇಳಿಸುತ್ತದೆ. ಆದರೆ ಉತ್ತರ ಯೂರೋಪಿನ ಆರೋಗ್ಯವಂತ ಜನರಲ್ಲಿಯೂ ಸುಮಾರು ನಾಲ್ವರಲ್ಲಿ ಒಬ್ಬರು ಈ ರೂಪವನ್ನು ಹೊತ್ತಿರುತ್ತಾರೆ. ಅವರಲ್ಲಿ ಬಹುಪಾಲು ಜನ ಈ ರೋಗದ ನೆರಳನ್ನೂ ಕಾಣದೆ ತುಂಬು ಬಾಳು ಬಾಳುತ್ತಾರೆ. ರೋಗಿಗಳಲ್ಲಿಯೂ ಎಲ್ಲರಲ್ಲೂ ಅದು ಇರುವುದಿಲ್ಲ. ಇದ್ದರೆ ರೋಗ ಖಂಡಿತವಲ್ಲ, ಇಲ್ಲದಿದ್ದರೆ ರಕ್ಷಣೆಯೂ ಖಂಡಿತವಲ್ಲ. ಅಷ್ಟೇ ಅಲ್ಲ, ಅದೇ ಎಚ್.ಎಲ್.ಎ. ಸಮೂಹದ ಎ2 ಎಂಬ ಇನ್ನೊಂದು ಗುರುತು ರೋಗದ ಸಂಭವವನ್ನು ತಗ್ಗಿಸುತ್ತದೆ. ವಂಶವೆಂಬುದು ಅಪಾಯವನ್ನಷ್ಟೇ ಹಂಚುವ ಯಜಮಾನನಲ್ಲ. ಅಭಯವನ್ನೂ ಅದೇ ಹಂಚುತ್ತದೆ.

ಈಗ ಅವಳಿಗಳ ಸಾಕ್ಷ್ಯಕ್ಕೆ ಬರೋಣ. ಏಕಾಂಡದಿಂದ ಹುಟ್ಟಿದ ಅವಳಿಗಳು ವಂಶವಾಹಿಗಳ ಮಟ್ಟಿಗೆ ಒಂದೇ ಗ್ರಂಥದ ಎರಡು ಪ್ರತಿಗಳು. ಬೇರೆ ಬೇರೆ ಅಂಡಗಳಿಂದ ಹುಟ್ಟಿದ ಅವಳಿಗಳು ಅಣ್ಣತಮ್ಮಂದಿರಿದ್ದಂತೆ. ಕೆನಡದ ಜಾರ್ಜ್ ಏಬರ್ಸ್ ಮತ್ತು ಸಂಗಡಿಗರು 1986ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ. ಏಕಾಂಡದ 27 ಜೋಡಿಗಳಲ್ಲಿ 7 ಜೋಡಿಗಳಲ್ಲಿ ಇಬ್ಬರಿಗೂ ರೋಗವಿತ್ತು. ಭಿನ್ನಾಂಡದ 43 ಜೋಡಿಗಳಲ್ಲಿ ಇಬ್ಬರಿಗೂ ಇದ್ದುದು ಒಂದೇ ಜೋಡಿಯಲ್ಲಿ. ಶೇಕಡಾ 26ಕ್ಕೂ ಶೇಕಡಾ 2ಕ್ಕೂ ಇರುವ ಈ ಅಂತರ ವಂಶದ ಪಾಲನ್ನು ಸಂಶಯವಿಲ್ಲದಂತೆ ತೋರಿಸಿತು. ಆದರೆ ಅದೇ ಅಂಕಿಯನ್ನು ಮಗ್ಗುಲು ಬದಲಿಸಿ ಓದಿದರೆ ಇನ್ನೊಂದು ಸತ್ಯ ಕಾಣುತ್ತದೆ. ಅಕ್ಷರಕ್ಕೆ ಅಕ್ಷರ ಒಂದೇ ಆಗಿರುವ ವಂಶಗ್ರಂಥವನ್ನು ಪಡೆದ ಅವಳಿಗಳಲ್ಲಿ, ಒಬ್ಬರಿಗೆ ರೋಗ ಬಂದಿದ್ದರೂ ನಾಲ್ಕರಲ್ಲಿ ಸುಮಾರು ಮೂರು ಜೋಡಿಗಳಲ್ಲಿ ಇನ್ನೊಬ್ಬರಿಗೆ ಅದು ಬಂದಿರಲಿಲ್ಲ. 2010ರಲ್ಲಿ ಅಮೆರಿಕದ ಸಂಶೋಧಕರು ಇಂಥದೊಂದು ಜೋಡಿಯ, ಒಬ್ಬಳಿಗೆ ರೋಗವಿದ್ದು ಇನ್ನೊಬ್ಬಳಿಗೆ ಇಲ್ಲದ ಸೋದರಿಯರ, ವಂಶಗ್ರಂಥವನ್ನು ಆದ್ಯಂತ ಓದಿಸಿ ಹೋಲಿಸಿದರು. ರೋಗವನ್ನು ವಿವರಿಸುವಂಥ ಒಂದು ವ್ಯತ್ಯಾಸವೂ ದೊರೆಯಲಿಲ್ಲ.

ಹಾಗಾದರೆ ಮನೆಯ ವಾತಾವರಣವೇ ಕಾರಣವಿರಬಹುದಲ್ಲವೆ? ಒಂದೇ ಸೂರಿನಡಿ ಉಂಡು ಮಲಗಿದವರು ಒಬ್ಬರ ರೋಗವನ್ನು ಇನ್ನೊಬ್ಬರು ಹಂಚಿಕೊಂಡಿರಬಹುದಲ್ಲವೆ? ಈ ಸಂಶಯವನ್ನೂ ಕೆನಡದ ಅದೇ ತಂಡ 1995ರಲ್ಲಿ ಪರಿಹರಿಸಿತು. ರೋಗಿಯೊಡನೆ ಒಂದೇ ಮನೆಯಲ್ಲಿ ಬೆಳೆದ ದತ್ತುಮಕ್ಕಳು, ದತ್ತುತೆಗೆದುಕೊಂಡ ತಂದೆತಾಯಿಗಳು ಮೊದಲಾದ ರಕ್ತಸಂಬಂಧವಿಲ್ಲದ ಬಂಧುಗಳನ್ನು ಲೆಕ್ಕ ಹಾಕಿದಾಗ, ಅವರಲ್ಲಿ ರೋಗದ ಪ್ರಮಾಣ ಊರಿನ ಸಾಮಾನ್ಯ ಜನರಲ್ಲಿ ಇರುವಷ್ಟೇ ಇತ್ತು. ಕುಟುಂಬಗಳಲ್ಲಿ ರೋಗ ಗುಂಪಾಗಿ ಕಾಣುವುದು ರಕ್ತಸಂಬಂಧದಿಂದ, ಸಹವಾಸದಿಂದಲ್ಲ. ರೋಗಿಯ ಬಳಿ ಕುಳಿತರೆ, ಊಡಿಸಿದರೆ, ಕೈಹಿಡಿದು ನಡೆಸಿದರೆ ಯಾರಿಗೂ ಯಾವ ಅಪಾಯವೂ ಇಲ್ಲವೆಂಬುದು ಈ ಲೆಕ್ಕದ ಮಾನವೀಯ ಅರ್ಥ. ಸೇವೆಗೆ ಅಂಜಬೇಕಾಗಿಲ್ಲವೆಂದು ಅಂಕಿಗಳೇ ಹೇಳಿದುದು ನನಗೆ ದೊಡ್ಡ ಮಾತಾಗಿ ತೋರುತ್ತದೆ.

1972ರ ಬಳಿಕ ಸುಮಾರು ಮೂವತ್ತೈದು ವರ್ಷ ಎಚ್.ಎಲ್.ಎ. ಒಂದನ್ನು ಬಿಟ್ಟರೆ ಬೇರೆ ಜೀನು ಖಚಿತವಾಗಿ ಕೈಗೆ ಸಿಗಲಿಲ್ಲ. 2007ರಲ್ಲಿ ಅನೇಕ ದೇಶಗಳ ವಿಜ್ಞಾನಿಗಳು ಒಟ್ಟುಗೂಡಿ ಇಂಟರ್‌ಲ್ಯೂಕಿನ್-2 ಮತ್ತು ಇಂಟರ್‌ಲ್ಯೂಕಿನ್-7 ಎಂಬ ರಾಸಾಯನಿಕ ಸಂದೇಶಗಳನ್ನು ಸ್ವೀಕರಿಸುವ ಎರಡು ಜೀನುಗಳನ್ನು ಗುರುತಿಸಿದರು. ಆಮೇಲೆ ಬಾಗಿಲು ತೆರೆಯಿತು. 2019ರಲ್ಲಿ ಪ್ರಕಟವಾದ ಮಹಾಸಮೀಕ್ಷೆಯಲ್ಲಿ 47,429 ರೋಗಿಗಳನ್ನೂ 68,374 ಆರೋಗ್ಯವಂತರನ್ನೂ ಹೋಲಿಸಿ, ರೋಗಕ್ಕೆ ಒಲವನ್ನು ಕೊಡುವ 233 ತಾಣಗಳನ್ನು ಎಣಿಸಿದರು. ಅವುಗಳಲ್ಲಿ 32 ಎಚ್.ಎಲ್.ಎ. ವಲಯದಲ್ಲಿ, 200 ಉಳಿದ ವರ್ಣತಂತುಗಳಲ್ಲಿ, ಒಂದು ಎಕ್ಸ್ ವರ್ಣತಂತುವಿನಲ್ಲಿ. ಎಚ್.ಎಲ್.ಎ.ಯನ್ನು ಬಿಟ್ಟರೆ ಒಂದೊಂದರ ಪ್ರಭಾವವೂ ತೀರ ಅಲ್ಪ. ತಕ್ಕಡಿಯಲ್ಲಿ ಒಂದು ಗುಲಗಂಜಿಯ ತೂಕ. ಎಲ್ಲಕ್ಕಿಂತ ಗಮನಾರ್ಹವಾದುದು ಈ ಜೀನುಗಳ ಕೆಲಸ. ರೋಗ ನರಗಳದ್ದಾದರೂ ಇವುಗಳಲ್ಲಿ ಹೆಚ್ಚಿನವು ನರದ ಜೀನುಗಳಲ್ಲ, ರಕ್ಷಣಾಪಡೆಯವು. ಬೀಳುವುದು ಗೋಡೆಯಾದರೂ ದೋಷವಿರುವುದು ಕಾವಲಿನಲ್ಲಿ. 2023ರಲ್ಲಿ ಇನ್ನೊಂದು ತಾಣ ಪತ್ತೆಯಾಯಿತು. ಅದರ ಎರಡು ಪ್ರತಿಗಳನ್ನು ಪಡೆದವರಿಗೆ ನಡೆಯಲು ಊರುಗೋಲು ಬೇಕಾಗುವ ದಿನ ಸುಮಾರು ನಾಲ್ಕು ವರ್ಷ ಮುಂಚೆಯೇ ಬರುತ್ತದೆ. ಇದು ರೋಗ ಬರುವುದಕ್ಕೆ ಸಂಬಂಧಿಸಿದ್ದಲ್ಲ, ಬಂದ ಮೇಲೆ ಎಷ್ಟು ಉಗ್ರವಾಗುತ್ತದೆಂಬುದಕ್ಕೆ ಸಂಬಂಧಿಸಿದ್ದು. ಬರುವುದು ಬೇರೆ, ಬಾಧಿಸುವುದು ಬೇರೆ.

ಈ ಜೀನುಗಳ ಪಟ್ಟಿ ಬಿಳಿಯರ ಪಟ್ಟಿ ಮಾತ್ರವೇ ಎಂಬ ಪ್ರಶ್ನೆ ಸಹಜ. ನಮ್ಮ ಮಂಗಳೂರಿನಲ್ಲಿ ಈ ದಿಸೆಯಲ್ಲಿ ಬೆಲೆಯುಳ್ಳ ಕೆಲಸ ನಡೆದಿದೆ. ಡಾ. ಲೇಖಾ ಪಂಡಿತ್ ಅವರು 2014ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಮಂಗಳೂರು ನಗರದಲ್ಲಿ ಲಕ್ಷಕ್ಕೆ ಸುಮಾರು ಎಂಟು ಮಂದಿಗೆ ಈ ರೋಗವಿದೆ. ಯೂರೋಪಿನ ಉತ್ತರದ ದೇಶಗಳೊಡನೆ ಹೋಲಿಸಿದರೆ ಇದು ಅಲ್ಪವೇ; ಆದರೆ ಈ ರೋಗ ನಮ್ಮಲ್ಲಿ ಇಲ್ಲವೇ ಇಲ್ಲವೆಂಬ ಹಳೆಯ ಭಾವನೆಯನ್ನು ಹೋಗಲಾಡಿಸುವಷ್ಟು. 2016ರಲ್ಲಿ ಅವರೂ ಕೇಂಬ್ರಿಡ್ಜಿನ ಸಂಶೋಧಕರೂ ಕೂಡಿ, ಯೂರೋಪಿನಲ್ಲಿ ಗುರುತಿಸಿದ ಜೀನುರೂಪಗಳನ್ನು ದಕ್ಷಿಣ ಏಷ್ಯದ ರೋಗಿಗಳಲ್ಲಿ ಪರೀಕ್ಷಿಸಿದರು. ಅವುಗಳಲ್ಲಿ ಅನೇಕವು ನಮ್ಮವರಲ್ಲಿಯೂ ಅದೇ ದಿಕ್ಕಿಗೆ ವಾಲುತ್ತವೆಂದು ಕಂಡುಬಂತು. ಮನುಷ್ಯರ ಮೈಬಣ್ಣ ಹಲವಾದರೂ ರೋಗಕ್ಕೆ ಈಡಾಗುವ ದಾರಿ ಬಹಳಮಟ್ಟಿಗೆ ಒಂದೇ ಎಂದಾಯಿತು. ಡೇವನ್‌ಪೋರ್ಟನ ಜನಾಂಗವಾದಕ್ಕೆ ಇದು ಕಡಲತೀರದಿಂದ ಬಂದ ಮೆಲುದನಿಯ ಉತ್ತರ.

ಇನ್ನು ಪಿಯೇರ್ ಮಾರಿಯ ಸೋಂಕಿನ ವಾದ ಏನಾಯಿತು? ಅದಕ್ಕೆ ಉತ್ತರ ಬರಲು 138 ವರ್ಷ ಬೇಕಾಯಿತು. 2022ರಲ್ಲಿ ಹಾರ್ವರ್ಡಿನ ಸಂಶೋಧಕರು, ಅಮೆರಿಕದ ಸೈನ್ಯದಲ್ಲಿ ಇಪ್ಪತ್ತು ವರ್ಷಗಳ ಅವಧಿಯಲ್ಲಿ ಸೇವೆಮಾಡಿದ ಒಂದು ಕೋಟಿಗೂ ಮಿಕ್ಕ ಜನರ ಆರೋಗ್ಯದಾಖಲೆಯನ್ನೂ ಕೂಡಿಟ್ಟಿದ್ದ ರಕ್ತದ ಮಾದರಿಗಳನ್ನೂ ಪರಿಶೀಲಿಸಿದರು. ಪರೀಕ್ಷಿಸಲು ಸಾಧ್ಯವಾದ 801 ರೋಗಿಗಳಲ್ಲಿ ಒಬ್ಬರನ್ನುಳಿದು ಎಲ್ಲರಿಗೂ ರೋಗ ತೋರುವ ಮೊದಲು ಎಪ್‌ಸ್ಟೈನ್-ಬಾರ್ ಎಂಬ ವೈರಸ್ ತಗುಲಿತ್ತು. ಈ ಸೋಂಕಿನ ಬಳಿಕ ರೋಗದ ಸಂಭವ 32 ಪಟ್ಟು ಏರುತ್ತಿತ್ತು. ಆದರೆ ಇಲ್ಲಿಯೂ ಒಂದು ಎಚ್ಚರಿಕೆಯುಂಟು. ಈ ವೈರಸ್ ಜಗತ್ತಿನ ವಯಸ್ಕರಲ್ಲಿ ಬಹುತೇಕ ಎಲ್ಲರ ಮೈಯಲ್ಲಿಯೂ ಇದೆ. ಅವರಲ್ಲಿ ಅತ್ಯಲ್ಪ ಜನಕ್ಕೆ ಮಾತ್ರ ರೋಗ ಬರುತ್ತದೆ. ವೈರಸ್ ಬೇಕು, ಆದರೆ ಅದೊಂದೇ ಸಾಲದು. ಬಿಸಿಲಿನಿಂದ ದೊರೆಯುವ ಡಿ ಜೀವಸತ್ವದ ಕೊರತೆ, ಧೂಮಪಾನ, ಹದಿಹರೆಯದ ಅತಿಬೊಜ್ಜು ಇವೂ ಅಪಾಯವನ್ನು ಹೆಚ್ಚಿಸುತ್ತವೆ. ಮಾರಿಯೂ ಐಖ್‌ಹೋರ್ಸ್ಟನೂ ಇಂದು ಮುಖಾಮುಖಿಯಾದರೆ, ನೀನು ಹೇಳಿದ್ದೂ ನಿಜ, ನಾನು ಹೇಳಿದ್ದೂ ನಿಜ, ನಮ್ಮಿಬ್ಬರ ಮಾತೂ ಅರ್ಧ ಎಂದು ಕೈಕುಲುಕಬೇಕಾಗುತ್ತದೆ.

ಆದರೆ ಇಷ್ಟು ಕೇಡು ಮಾಡುವ ಜೀನುಗಳು ಮನುಷ್ಯಕುಲದಲ್ಲಿ ಅಳಿಯದೆ ಉಳಿದುವೇಕೆ? ಅಳಿಯದಿದ್ದುದಷ್ಟೇ ಅಲ್ಲ, ಯೂರೋಪಿನ ಉತ್ತರದಲ್ಲಿ ಹೆಚ್ಚಿದುವೇಕೆ? 2024ರ ಜನವರಿಯಲ್ಲಿ ಪ್ರಕಟವಾದ ಒಂದು ಸಂಶೋಧನೆ ಇದಕ್ಕೆ ಮನಸ್ಸು ಸೆಳೆಯುವ ಉತ್ತರ ಕೊಟ್ಟಿದೆ. ಡೆನ್ಮಾರ್ಕಿನ ಎಸ್ಕೆ ವಿಲ್ಲರ್‌ಸ್ಲೆವ್ ಅವರ ನೇತೃತ್ವದ ತಂಡ ಪುರಾತನ ಮನುಷ್ಯರ ಎಲುಬು ಹಲ್ಲುಗಳಿಂದ ತೆಗೆದ ವಂಶದ್ರವ್ಯವನ್ನು ಇಂದಿನವರ ವಂಶದ್ರವ್ಯದೊಡನೆ ಹೋಲಿಸಿತು. ಸುಮಾರು 5,000 ವರ್ಷಗಳ ಹಿಂದೆ ಕಪ್ಪುಸಮುದ್ರದ ಉತ್ತರದ ಹುಲ್ಲುಗಾವಲುಗಳಲ್ಲಿ ದನಕುರಿಗಳನ್ನು ಮೇಯಿಸುತ್ತಿದ್ದ ಯಾಮ್ನಾಯ ಎಂಬ ಸಂಸ್ಕೃತಿಯ ಜನ ಯೂರೋಪಿನೊಳಕ್ಕೆ ಹರಡಿದರು. ಈ ರೋಗದ ಒಲವನ್ನು ಹೆಚ್ಚಿಸುವ ಜೀನುರೂಪಗಳು ಆ ಪಶುಪಾಲಕರಲ್ಲಿ ಬಲಗೊಂಡು, ಅವರೊಡನೆ ಉತ್ತರಕ್ಕೂ ಪಶ್ಚಿಮಕ್ಕೂ ನಡೆದವು. ದನಕರುಗಳೊಡನೆ ಒಂದೇ ಹಟ್ಟಿಯಲ್ಲಿ ಬಾಳುವವರಿಗೆ ಪ್ರಾಣಿಗಳಿಂದ ಅಂಟುವ ಸೋಂಕುಗಳು ಹೆಚ್ಚು. ಅವನ್ನು ಎದುರಿಸಲು ಚುರುಕಾದ, ಕ್ಷಣದಲ್ಲಿ ಕತ್ತಿ ಹಿರಿಯುವ ರಕ್ಷಣಾಪಡೆ ಬೇಕಾಗಿತ್ತು. ಅಂಥ ಪಡೆಯನ್ನು ಕೊಟ್ಟ ಜೀನುಗಳು ಆ ದಿನ ವರವಾಗಿದ್ದವೆಂಬುದು ಈ ವಿಜ್ಞಾನಿಗಳ ಊಹೆ. ಹಟ್ಟಿ ಹೋಯಿತು, ಸೋಂಕುಗಳು ಕಡಿಮೆಯಾದವು, ಪಡೆ ಮಾತ್ರ ಉಳಿಯಿತು. ಯುದ್ಧವಿಲ್ಲದ ಸೈನ್ಯ ಕೆಲವೊಮ್ಮೆ ತನ್ನ ಊರಿನ ಮೇಲೆಯೇ ತಿರುಗಿಬೀಳುತ್ತದೆ. ಕೆಟ್ಟ ರಕ್ತ ಎಂಬ ಮಾತನ್ನು ಆಡುವವರು ಈ ಕಥೆಯನ್ನು ನೆನೆಯಬೇಕು. ಇಂದು ನಾವು ದೋಷವೆನ್ನುವುದು ಒಂದು ಕಾಲದಲ್ಲಿ ಮಕ್ಕಳನ್ನು ಬದುಕಿಸಿದ ಗುಣವಾಗಿದ್ದಿರಬಹುದು.

ಈ ಎಲ್ಲ ವಿಚಾರ ಬರಿಯ ಪಾಂಡಿತ್ಯದ ವಿಲಾಸವಲ್ಲ. ನನ್ನ ಪರಿಚಯದ ಒಂದು ಮನೆಯಲ್ಲಿ ಹಿರಿಯ ಮಗಳಿಗೆ ಈ ರೋಗವೆಂದು ತಿಳಿದಾಗ, ಮನೆಯವರು ಅವಳ ಚಿಕಿತ್ಸೆಗಿಂತ ಮೊದಲು ಕಿರಿಯವಳ ಮದುವೆಯ ಚಿಂತೆಗೆ ಬಿದ್ದರು. ಕಾಯಿಲೆಯ ಹೆಸರನ್ನು ನೆಂಟರಿಂದ ಮುಚ್ಚಿಟ್ಟರು. ಆ ಹುಡುಗಿಯನ್ನು ಸಭೆ ಸಮಾರಂಭಗಳಿಗೆ ಕರೆದೊಯ್ಯುವುದನ್ನು ನಿಲ್ಲಿಸಿದರು. ರೋಗ ಅವಳ ಕಾಲಿನ ಬಲವನ್ನು ಸ್ವಲ್ಪವೇ ಕಸಿದುಕೊಂಡಿತ್ತು. ಅವಳ ಲೋಕವನ್ನು ಕಸಿದುಕೊಂಡದ್ದು ವಂಶದ ಭಯ. ಆ ಭಯದ ಅಳತೆಯನ್ನು ಅಂಕಿಗಳಲ್ಲಿ ನೋಡೋಣ. ರೋಗ ಹೆಚ್ಚಾಗಿರುವ ಉತ್ತರ ಯೂರೋಪ್ ಮತ್ತು ಕೆನಡದ ಕುಟುಂಬಗಳಲ್ಲಿಯೇ, ರೋಗಿಯ ಒಡಹುಟ್ಟಿದವರಲ್ಲಿ ನೂರಕ್ಕೆ ಸುಮಾರು ಮೂವರಿಗೆ, ರೋಗಿಯ ಮಕ್ಕಳಲ್ಲಿ ನೂರಕ್ಕೆ ಸುಮಾರು ಇಬ್ಬರಿಗೆ ಜೀವಮಾನದಲ್ಲಿ ಈ ರೋಗ ಬರಬಹುದು. ಎಂದರೆ ನೂರರಲ್ಲಿ 97 ಮಂದಿಗೆ, 98 ಮಂದಿಗೆ ಬರುವುದಿಲ್ಲ. ಸಾಮಾನ್ಯರ ಸಂಭವಕ್ಕಿಂತ ಇದು ಹಲವು ಪಟ್ಟು ಹೆಚ್ಚೆಂಬುದು ನಿಜ. ಅದು ಸುಳ್ಳೆಂದು ಸಮಾಧಾನ ಹೇಳುವುದು ಸರಿಯಲ್ಲ. ಆದರೆ ಮದುವೆಯ ಮಾತುಕತೆಯನ್ನು ಮುರಿಯುವುದಕ್ಕಾಗಲಿ, ಒಬ್ಬ ಹೆಣ್ಣುಮಗಳನ್ನು ಕೋಣೆಯಲ್ಲಿ ಕೂಡಿಹಾಕುವುದಕ್ಕಾಗಲಿ ಈ ಅಂಕಿಗಳಲ್ಲಿ ಎಲ್ಲಿಯೂ ಆಧಾರವಿಲ್ಲ.

ಒಂದು ಶತಮಾನಕ್ಕೂ ಮೀರಿದ ಈ ವಿಚಾರಣೆಯ ಸಾರವನ್ನು ಹೀಗೆ ಹೇಳಬಹುದೆಂದು ತೋರುತ್ತದೆ. ವಂಶದಲ್ಲಿ ಇಳಿದುಬರುವುದು ರೋಗವಲ್ಲ, ರೋಗದ ಕಡೆಗೆ ಒಂದು ವಾಲು. ಆ ವಾಲು ನೂರಾರು ಸಣ್ಣ ತುಣುಕುಗಳಿಂದ ಆದದ್ದು. ಆ ತುಣುಕುಗಳಲ್ಲಿ ಹಲವು ನಮ್ಮೆಲ್ಲರಲ್ಲಿಯೂ ಇವೆ. ರೋಗಿಗೂ ಆರೋಗ್ಯವಂತನಿಗೂ ನಡುವೆ ಗೋಡೆಯಿಲ್ಲ, ತುಸು ಹೆಚ್ಚು ಕಡಿಮೆಯ ಅಂತರ ಮಾತ್ರ ಇದೆ. ವಾಲಿದ ಮರವೆಲ್ಲ ಬೀಳುವುದಿಲ್ಲ. ಬೀಳಲು ಗಾಳಿ ಬೇಕು, ಮಳೆ ಬೇಕು, ಸಡಿಲವಾದ ಮಣ್ಣೂ ಬೇಕು. ಸಿಗರೇಟನ್ನು ಬಿಡುವುದು, ಮಕ್ಕಳನ್ನು ಬಿಸಿಲಿನಲ್ಲಿ ಆಡಗೊಡುವುದು, ಕಣ್ಣು ಮಂಜಾದ ದಿನವೇ ವೈದ್ಯರಲ್ಲಿಗೆ ಹೋಗುವುದು ನಮ್ಮ ಕೈಯಲ್ಲಿರುವ ಸಂಗತಿಗಳು. ವೈರಸ್ಸನ್ನು ತಡೆಯುವ ಲಸಿಕೆಗಳ ಪ್ರಯೋಗಗಳು ಈಗಾಗಲೇ ಆರಂಭವಾಗಿವೆ. ಮಾರಿ 1884ರಲ್ಲಿ ಕಂಡ ಕನಸು ಮುಂದೊಂದು ದಿನ ಕೈಗೂಡಿದರೆ, ಅದೇ ಜೀನುಗಳನ್ನು ಪಡೆದು ಹುಟ್ಟಿದ ಮಗುವೂ ಈ ರೋಗವನ್ನು ಕಾಣದೆ ಮುದುಕಾಗಬಹುದು. ನೂಲು ಹಿರಿಯರು ಕೊಟ್ಟದ್ದೇ. ನೇಯ್ಗೆಯಲ್ಲಿ ನಮ್ಮ ಕಾಲದ ಕೈಯೂ ಇದೆ.